ಚಲಿಸುವ ವಾಹನದಲ್ಲಿ ಡಿಜಿಟಲ್ ಬಾನುಲಿ

ಪುಣೆಯಿಂದ ಬೆಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿಯು 800 ಕಿಲೋಮೀಟರಿಗಿಂತಲೂ ಉದ್ದವಾದುದು. ಸಾತಾರಾ, ಕೊಲ್ಹಾಪುರ, ಬೆಳಗಾವಿ, ಧಾರವಾಡ, ದಾವಣಗೆರೆ, ಚಿತ್ರದುರ್ಗ, ತುಮಕೂರುಗಳ ಮೂಲಕ ಹಾದುಹೋಗುವ ಈ ದಾರಿಯಲ್ಲಿ ಕಾರಿನ ಬಾನುಲಿಯನ್ನು ಆಲಿಸುತ್ತ ಪಯಣಿಸುವವರಿಗೆ ಎರಡು ಬಗೆಯ ಅನುಭವವಾಗುತ್ತದೆ. ಎಫ್.ಎಂ. ಕೇಂದ್ರಗಳು ಸ್ಫುಟವಾಗಿ ಕೇಳಿಬರುತ್ತವೆ. ಆದರೆ ನಗರವನ್ನು ಬಿಟ್ಟು ಐವತ್ತು ಅರವತ್ತು ಕಿಲೋಮೀಟರು ಸಾಗುವಷ್ಟರಲ್ಲಿ, ಘಟ್ಟ ಅಡ್ಡಬಂದರೆ ಅದಕ್ಕೂ ಮೊದಲೇ, ಕ್ಷೀಣಿಸಿ ಮರೆಯಾಗುತ್ತವೆ. ಮಧ್ಯಮ ತರಂಗದ ಪ್ರಸಾರವು ನೆಲವನ್ನು ಅನುಸರಿಸಿ ಬಹುದೂರ ಬರುತ್ತದೆ. ಆದರೆ ಅದರೊಡನೆ ಕರಕರ ಶಬ್ದವೂ ಬರುತ್ತದೆ. ಸ್ಪಷ್ಟತೆ ಇದ್ದಲ್ಲಿ ದೂರವಿಲ್ಲ, ದೂರವಿದ್ದಲ್ಲಿ ಸ್ಪಷ್ಟತೆಯಿಲ್ಲ. ಈ ಎರಡನ್ನೂ ಒಂದೆಡೆ ಕೂಡಿಸುವ ಪ್ರಯತ್ನವೇ ಡಿಜಿಟಲ್ ಬಾನುಲಿ. ನಮ್ಮ ದೇಶದಲ್ಲಿ ಅದು ಮನೆಗಳಿಗಿಂತ ಮೊದಲು ಕಾರುಗಳನ್ನು ಪ್ರವೇಶಿಸಿದೆ ಎಂಬುದು ಗಮನಾರ್ಹ ಸಂಗತಿ.

ಧ್ವನಿಯಿಂದ ಅಂಕೆಗೆ

ಮಧ್ಯಮ ತರಂಗದ ಸಾಂಪ್ರದಾಯಿಕ ಪ್ರಸಾರದಲ್ಲಿ ಧ್ವನಿಯ ಏರಿಳಿತಕ್ಕೆ ಅನುಗುಣವಾಗಿ ವಾಹಕ ತರಂಗದ ಎತ್ತರವು ಬದಲಾಗುತ್ತದೆ. ರೇಡಿಯೋ ಸೆಟ್ ಆ ಎತ್ತರವನ್ನು ಅಳೆದು ಧ್ವನಿಯನ್ನು ಮರಳಿ ಪಡೆಯುತ್ತದೆ. ಸಿಡಿಲು, ವಿದ್ಯುತ್ ತಂತಿ, ಎಂಜಿನಿನ ಕಿಡಿ ಇವು ಕೂಡ ತರಂಗದ ಎತ್ತರವನ್ನೇ ಕದಡುತ್ತವೆ. ಯಾವುದು ಗಾಯಕರ ಧ್ವನಿ, ಯಾವುದು ಸಿಡಿಲಿನ ಸದ್ದು ಎಂದು ವಿಂಗಡಿಸುವ ಶಕ್ತಿ ಸೆಟ್ಟಿಗೆ ಇಲ್ಲ. ಈ ಪದ್ಧತಿಯಲ್ಲಿ ವಿದ್ಯುತ್ತಿನ ಅಪವ್ಯಯವೂ ಹೆಚ್ಚು. ಧ್ವನಿಯು ಗರಿಷ್ಠ ಮಟ್ಟದಲ್ಲಿದ್ದಾಗಲೂ ಪ್ರಸಾರವಾಗುವ ಶಕ್ತಿಯ ಮೂರರಲ್ಲಿ ಎರಡು ಭಾಗವು ಯಾವ ಮಾಹಿತಿಯನ್ನೂ ಹೊರದ ವಾಹಕ ತರಂಗಕ್ಕೇ ಸಲ್ಲುತ್ತದೆ.

ಡಿಜಿಟಲ್ ಪದ್ಧತಿಯಲ್ಲಿ ಧ್ವನಿಯನ್ನು ಮೊದಲು ಸೊನ್ನೆ ಮತ್ತು ಒಂದು ಎಂಬ ಅಂಕೆಗಳ ಸಾಲಾಗಿ ಪರಿವರ್ತಿಸಲಾಗುತ್ತದೆ. ಮಾನವನ ಕಿವಿಗೆ ತಿಳಿಯದ ಅಂಶಗಳನ್ನು ಕೈಬಿಟ್ಟು ಅಂಕೆಗಳ ಸಂಖ್ಯೆಯನ್ನು ಕಡಿಮೆ ಮಾಡಲಾಗುತ್ತದೆ. ಬಳಿಕ ಅವನ್ನು ಒಂದೇ ವಾಹಕದ ಮೇಲೆ ಹೇರದೆ, ಒತ್ತೊತ್ತಾಗಿರುವ ಅನೇಕ ಸಣ್ಣ ವಾಹಕ ತರಂಗಗಳಿಗೆ ಹಂಚಲಾಗುತ್ತದೆ. ಜೊತೆಗೆ ತಪ್ಪುಗಳನ್ನು ಪತ್ತೆಹಚ್ಚಿ ತಿದ್ದಲು ನೆರವಾಗುವ ಹೆಚ್ಚುವರಿ ಅಂಕೆಗಳನ್ನೂ ಸೇರಿಸಲಾಗುತ್ತದೆ. ದಾರಿಯಲ್ಲಿ ಕೆಲವು ಅಂಕೆಗಳು ನಷ್ಟವಾದರೂ ಉಳಿದವುಗಳ ಆಧಾರದಿಂದ ಸೆಟ್ ಮೂಲವನ್ನು ಪುನಃ ರಚಿಸಿಕೊಳ್ಳುತ್ತದೆ. ಆದುದರಿಂದ ಕರಕರ ಶಬ್ದವಿಲ್ಲ. ಕಡಿಮೆ ವಿದ್ಯುತ್ತಿನಿಂದ ಅಷ್ಟೇ ಪ್ರದೇಶವನ್ನು ತಲುಪಲು ಸಾಧ್ಯ.

ಚಲನೆಯ ಸಮಸ್ಯೆ

ಮನೆಯಲ್ಲಿ ಒಂದೆಡೆ ಇರಿಸಿದ ಸೆಟ್ಟಿಗೂ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಓಡುವ ಕಾರಿನ ಸೆಟ್ಟಿಗೂ ಬಹಳ ವ್ಯತ್ಯಾಸವಿದೆ. ಚಲಿಸುವ ಕಾರಿಗೆ ಒಂದೇ ಸಂಕೇತವು ನೇರವಾಗಿಯೂ ಬರುತ್ತದೆ, ಕಟ್ಟಡ ಬೆಟ್ಟಗಳಿಗೆ ತಾಗಿ ತುಸು ತಡವಾಗಿಯೂ ಬರುತ್ತದೆ. ರಾತ್ರಿಯ ವೇಳೆ ಮಧ್ಯಮ ತರಂಗವು ಮೇಲಿನ ಅಯಾನುಮಂಡಲದಿಂದ ಪ್ರತಿಫಲಿಸಿಯೂ ಬರುತ್ತದೆ. ಮುಂಬಯಿ, ಚೆನ್ನೈಗಳಂತಹ ದೂರದ ಊರುಗಳಲ್ಲಿ ರಾತ್ರಿ ಮಾತ್ರ ಕರ್ನಾಟಕದ ಕೇಂದ್ರಗಳು ಕೇಳಿಸುವುದುಂಟು. ಅದಕ್ಕೆ ಈ ಪ್ರತಿಫಲನವೇ ಕಾರಣ. ಹೀಗೆ ಹಲವು ಹಾದಿಗಳಿಂದ ಬಂದ ತರಂಗಗಳು ಕೆಲವೆಡೆ ಒಂದನ್ನೊಂದು ಬಲಪಡಿಸುತ್ತವೆ, ಕೆಲವೆಡೆ ಅಳಿಸಿಹಾಕುತ್ತವೆ.

ಡಿಜಿಟಲ್ ಪ್ರಸಾರದಲ್ಲಿ ಇದಕ್ಕೆ ಎರಡು ಪರಿಹಾರಗಳಿವೆ. ಮೊದಲನೆಯದು, ಪ್ರತಿ ಸಂಕೇತದ ಆರಂಭದಲ್ಲಿ ಚಿಕ್ಕದೊಂದು ರಕ್ಷಣಾ ಅವಧಿಯನ್ನು ಇರಿಸುವುದು. ತಡವಾಗಿ ಬಂದ ಪ್ರತಿಧ್ವನಿಯು ಆ ಅವಧಿಯಲ್ಲಿಯೇ ಮುಗಿದುಹೋಗುವುದರಿಂದ ಮುಂದಿನ ಸಂಕೇತವು ಕೆಡುವುದಿಲ್ಲ. ಎರಡನೆಯದು, ಅಂಕೆಗಳನ್ನು ಕಾಲಾನುಕ್ರಮದಲ್ಲಿ ಕಳುಹಿಸದೆ ಚದುರಿಸಿ ಕಳುಹಿಸುವುದು. ಕಾರು ಸೇತುವೆಯ ಅಡಿಯಲ್ಲಿ ಹಾದುಹೋಗುವಾಗ ಕ್ಷಣಕಾಲ ಸಂಕೇತವು ಕಡಿದುಹೋದರೆ ನಷ್ಟವು ಒಂದೇ ಕಡೆ ಬೀಳದೆ ಅಲ್ಲಲ್ಲಿ ಹಂಚಿಹೋಗುತ್ತದೆ. ಚದುರಿದ ನಷ್ಟವನ್ನು ತಿದ್ದುವುದು ಸುಲಭ.

ಈ ಅನುಕೂಲಕ್ಕೆ ತೆರಬೇಕಾದ ಬೆಲೆಯೂ ಇದೆ. ಚದುರಿಸಿದ ಅಂಕೆಗಳನ್ನು ಮತ್ತೆ ಜೋಡಿಸಲು ಕಾಲಾವಕಾಶ ಬೇಕು. ಹೀಗಾಗಿ ಕೇಂದ್ರವನ್ನು ಬದಲಾಯಿಸಿದಾಗ ಧ್ವನಿಯು ತಕ್ಷಣ ಕೇಳದೆ ಕೆಲವು ಕ್ಷಣ ತಡೆದು ಕೇಳಿಸುತ್ತದೆ. ವಾರ್ತೆಗೆ ಮುನ್ನ ಕೇಳಿಬರುವ ಸಮಯಸೂಚಕ ಧ್ವನಿಯೂ ತುಸು ತಡವಾಗಿಯೇ ಬರುವುದರಿಂದ ಅದನ್ನು ನಂಬಿ ಗಡಿಯಾರವನ್ನು ಕ್ಷಣದ ಮಟ್ಟಿಗೆ ಸರಿಹೊಂದಿಸಿಕೊಳ್ಳಲಾಗದು. ಇನ್ನೊಂದು ಮುಖ್ಯ ವ್ಯತ್ಯಾಸವೆಂದರೆ, ಹಳೆಯ ಪದ್ಧತಿಯಲ್ಲಿ ಸಂಕೇತವು ದುರ್ಬಲವಾದಂತೆ ಧ್ವನಿಯು ಮೆಲ್ಲಮೆಲ್ಲನೆ ಮಸುಕಾಗುತ್ತದೆ. ಡಿಜಿಟಲ್ ಪದ್ಧತಿಯಲ್ಲಿ ಕೊನೆಯ ಗಡಿಯವರೆಗೂ ಸ್ವಚ್ಛವಾಗಿ ಕೇಳಿಸಿ, ಗಡಿ ದಾಟಿದೊಡನೆ ಪೂರ್ತಿ ನಿಂತುಬಿಡುತ್ತದೆ. ಇದು ಸೆಟ್ಟಿನ ದೋಷವಲ್ಲ, ಪದ್ಧತಿಯ ಸ್ವಭಾವ.

ಭಾರತದ ಆಯ್ಕೆ

ಜಗತ್ತಿನಲ್ಲಿ ಡಿಜಿಟಲ್ ಬಾನುಲಿಯ ಪದ್ಧತಿಗಳು ಹಲವು. ಯೂರೋಪಿನಲ್ಲಿ ಡಿ.ಎ.ಬಿ. ಎಂಬ ಪದ್ಧತಿಯೂ ಅಮೆರಿಕದಲ್ಲಿ ಎಚ್.ಡಿ. ರೇಡಿಯೋ ಎಂಬ ಪದ್ಧತಿಯೂ ಬಳಕೆಯಲ್ಲಿವೆ. 1998ರಲ್ಲಿ ಚೀನಾದ ಗುವಾಂಗ್‌ಝೌ ನಗರದಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ಒಕ್ಕೂಟವು ಡಿಜಿಟಲ್ ರೇಡಿಯೋ ಮೊಂಡಿಯಾಲ್, ಅಂದರೆ ಡಿ.ಆರ್.ಎಂ. ಪದ್ಧತಿಯನ್ನು ಅಭಿವೃದ್ಧಿಪಡಿಸಿತು. ಹ್ರಸ್ವ ತರಂಗ ಮತ್ತು ಮಧ್ಯಮ ತರಂಗಗಳಲ್ಲಿ ಈಗಾಗಲೇ ಇರುವ ಕಿರಿದಾದ ಅವಕಾಶದಲ್ಲಿಯೇ ಇದು ಹೊಂದಿಕೊಳ್ಳುತ್ತದೆ. ಮುಂದೆ ಎಫ್.ಎಂ. ಪಟ್ಟಿಯಲ್ಲಿಯೂ ಬಳಸಬಹುದಾದ ರೂಪವೊಂದನ್ನು ಸಿದ್ಧಪಡಿಸಲಾಯಿತು.

ವಿಶಾಲವಾದ ನಮ್ಮ ದೇಶದಲ್ಲಿ ಕೆಲವೇ ಪ್ರಬಲ ಕೇಂದ್ರಗಳಿಂದ ಬಹುದೂರ ತಲುಪುವ ಮಧ್ಯಮ ತರಂಗಕ್ಕೆ ವಿಶೇಷ ಮಹತ್ವವಿರುವುದರಿಂದ ಆಕಾಶವಾಣಿಯು ಡಿ.ಆರ್.ಎಂ. ಪದ್ಧತಿಯನ್ನು ಆರಿಸಿಕೊಂಡಿತು. 2009ರ ಜನವರಿಯಲ್ಲಿ ದೆಹಲಿಯ ಸಮೀಪದ ಖಾಂಪುರದಲ್ಲಿರುವ 250 ಕಿಲೋವ್ಯಾಟ್ ಸಾಮರ್ಥ್ಯದ ಹ್ರಸ್ವ ತರಂಗ ಟ್ರಾನ್ಸ್‌ಮಿಟರಿನಿಂದ ಡಿಜಿಟಲ್ ಪ್ರಸಾರವು ಆರಂಭವಾಯಿತು. ಮುಂದಿನ ವರ್ಷಗಳಲ್ಲಿ ದೇಶದ ವಿವಿಧೆಡೆ ಡಿಜಿಟಲ್ ಸಾಮರ್ಥ್ಯವುಳ್ಳ 35 ಮಧ್ಯಮ ತರಂಗ ಟ್ರಾನ್ಸ್‌ಮಿಟರುಗಳನ್ನು ಸ್ಥಾಪಿಸಲಾಯಿತು. ದೆಹಲಿ, ಮುಂಬಯಿ, ಚೆನ್ನೈಗಳಲ್ಲದೆ ಬೆಂಗಳೂರು ಮತ್ತು ಧಾರವಾಡಗಳೂ ಈ ಯೋಜನೆಯಲ್ಲಿ ಸೇರಿದ್ದವು.

ಆದರೆ ಟ್ರಾನ್ಸ್‌ಮಿಟರುಗಳು ಸಿದ್ಧವಾದಷ್ಟು ಶೀಘ್ರವಾಗಿ ಸೆಟ್ಟುಗಳು ಜನರ ಕೈಸೇರಲಿಲ್ಲ. ಸೆಟ್ಟುಗಳಿಲ್ಲದಿದ್ದರೆ ಕೇಳುಗರಿಲ್ಲ, ಕೇಳುಗರಿಲ್ಲದಿದ್ದರೆ ಹೊಸ ಕಾರ್ಯಕ್ರಮಗಳಿಗೆ ಪ್ರೋತ್ಸಾಹವಿಲ್ಲ, ಕಾರ್ಯಕ್ರಮಗಳಿಲ್ಲದಿದ್ದರೆ ಸೆಟ್ ಕೊಳ್ಳುವವರಿಲ್ಲ. ಈ ವಿಷಮ ವರ್ತುಲದಿಂದ ಸ್ವಲ್ಪಮಟ್ಟಿಗೆ ಬಿಡುಗಡೆ ದೊರೆತದ್ದು ಕಾರುಗಳ ಮೂಲಕ. ಭಾರತದಲ್ಲಿ ಕಾರು ತಯಾರಿಸುವ ಮಾರುತಿ ಸುಜುಕಿ, ಹ್ಯುಂಡೈ ಮೊದಲಾದ ಕಂಪನಿಗಳು ತಮ್ಮ ಕೆಲವು ಮಾದರಿಗಳಲ್ಲಿ ಡಿ.ಆರ್.ಎಂ. ಸೌಲಭ್ಯವನ್ನು ಅಳವಡಿಸಿದವು. ಕಾರಿನ ಬೆಲೆಯಲ್ಲಿ ರೇಡಿಯೋದ ಪಾಲು ಅತ್ಯಲ್ಪವಾದುದರಿಂದ ಇದು ಸಾಧ್ಯವಾಯಿತು. ಇದರ ಮತ್ತೊಂದು ಮುಖವೆಂದರೆ, ಕಾರಿಲ್ಲದ ಕುಟುಂಬಕ್ಕೆ, ಹೊಲದ ಕೆಲಸದ ನಡುವೆ ಪುಟ್ಟ ಸೆಟ್ಟನ್ನು ಕೇಳುವ ರೈತನಿಗೆ, ಹಳೆಯ ಲಾರಿಯ ಚಾಲಕನಿಗೆ ಈ ಪ್ರಯೋಜನವು ಇನ್ನೂ ದೂರವೇ ಉಳಿದಿದೆ. ಆದುದರಿಂದಲೇ ಹಳೆಯ ಮತ್ತು ಹೊಸ ಪ್ರಸಾರಗಳು ಜೊತೆಜೊತೆಯಾಗಿ ನಡೆಯುವುದು ಅವಶ್ಯಕ.

ನಗರಗಳ ಎಫ್.ಎಂ. ಪ್ರಸಾರ

ಖಾಸಗಿ ಬಾನುಲಿ ಕೇಂದ್ರಗಳ ಡಿಜಿಟಲ್ ಪ್ರಸಾರದ ಬಗ್ಗೆ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2025ರ ಅಕ್ಟೋಬರಿನಲ್ಲಿ ಸರ್ಕಾರಕ್ಕೆ ಶಿಫಾರಸುಗಳನ್ನು ಸಲ್ಲಿಸಿತು. ಮೊದಲಿಗೆ 13 ನಗರಗಳಲ್ಲಿ ಹಳೆಯ ಹಾಗೂ ಹೊಸ ಪದ್ಧತಿಗಳೆರಡರಲ್ಲಿಯೂ ಏಕಕಾಲಕ್ಕೆ ಪ್ರಸಾರ ಮಾಡುವ ವ್ಯವಸ್ಥೆಯನ್ನು ಅದು ಸೂಚಿಸಿತು. ದೆಹಲಿ, ಮುಂಬಯಿ, ಚೆನ್ನೈ, ಹೈದರಾಬಾದು, ಪುಣೆ, ಬೆಂಗಳೂರುಗಳು ಈ ಪಟ್ಟಿಯಲ್ಲಿವೆ. ಈ ವ್ಯವಸ್ಥೆಯಲ್ಲಿ ಒಂದೇ ತರಂಗಾಂತರದಲ್ಲಿ ಒಂದು ಸಾಂಪ್ರದಾಯಿಕ ಪ್ರಸಾರ, ಮೂರು ಡಿಜಿಟಲ್ ಪ್ರಸಾರ ಮತ್ತು ಒಂದು ದತ್ತಾಂಶ ಸೇವೆಯನ್ನು ನಡೆಸಬಹುದು. ದೇಶಕ್ಕೆಲ್ಲ ಒಂದೇ ಪದ್ಧತಿ ಇರಬೇಕೆಂಬುದೂ ಪ್ರಾಧಿಕಾರದ ಅಭಿಪ್ರಾಯ.

ಹೊರರಾಜ್ಯಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದರಲ್ಲಿ ವಿಶೇಷ ಅರ್ಥವಿದೆ. ತರಂಗಾಂತರಗಳು ವಿರಳವಾಗಿರುವ ಮಹಾನಗರದಲ್ಲಿ ಅಲ್ಪಸಂಖ್ಯಾತ ಭಾಷೆಯ ಕಾರ್ಯಕ್ರಮಕ್ಕೆ ಅವಕಾಶ ಸಿಗುವುದು ಕಷ್ಟ. ಒಂದರಲ್ಲಿ ಮೂರು ನಾಲ್ಕು ವಾಹಿನಿಗಳಿಗೆ ಎಡೆಯಾದರೆ ತಾಂತ್ರಿಕ ತೊಡಕು ಕಡಿಮೆಯಾಗುತ್ತದೆ. ಆದರೆ ತಂತ್ರಜ್ಞಾನವು ಬಾಗಿಲನ್ನು ತೆರೆಯಬಲ್ಲುದೇ ಹೊರತು ಒಳಗೆ ಬರುವವರನ್ನು ನಿರ್ಧರಿಸಲಾರದು. ಮುಂಬಯಿಯ ವಾಹಿನಿಯೊಂದರಲ್ಲಿ ಕನ್ನಡ ಕೇಳಿಬರಬೇಕಾದರೆ ಅಲ್ಲಿನ ಕೇಳುಗರು ಅದಕ್ಕಾಗಿ ಆಸಕ್ತಿ ತೋರಬೇಕಾಗುತ್ತದೆ.

ಅಂತರಜಾಲದ ಮೂಲಕವೂ ಕಾರಿನಲ್ಲಿ ಆಕಾಶವಾಣಿಯ ಕನ್ನಡ ಕೇಂದ್ರಗಳನ್ನು ಕೇಳಬಹುದು. ಇದು ನಿಜವಾಗಿಯೂ ದೊಡ್ಡ ಅನುಕೂಲ. ಆದರೆ ಅದಕ್ಕೆ ಮೊಬೈಲ್ ಸಂಪರ್ಕವಿರಬೇಕು, ದತ್ತಾಂಶಕ್ಕೆ ಹಣ ತೆರಬೇಕು. ಬಾನುಲಿಯ ಪ್ರಸಾರವನ್ನು ಒಬ್ಬರು ಕೇಳಿದರೂ ಲಕ್ಷ ಜನ ಕೇಳಿದರೂ ಟ್ರಾನ್ಸ್‌ಮಿಟರಿಗೆ ಹೊರೆ ಒಂದೇ.

ವಿಪತ್ತಿನ ವೇಳೆ

2015ರ ಡಿಸೆಂಬರಿನಲ್ಲಿ ಚೆನ್ನೈ ನಗರವು ಜಲಾವೃತವಾದಾಗ ವಿದ್ಯುತ್ ಪೂರೈಕೆ ನಿಂತು, ಅನೇಕ ಬಡಾವಣೆಗಳಲ್ಲಿ ಮೊಬೈಲ್ ಸಂಪರ್ಕವೂ ಕಡಿದುಹೋಗಿತ್ತು. ಇಂತಹ ಸಂದರ್ಭದಲ್ಲಿ ತನ್ನದೇ ಬ್ಯಾಟರಿಯುಳ್ಳ ಕಾರಿನ ರೇಡಿಯೋ ಹೊರಜಗತ್ತಿನೊಡನೆ ಉಳಿಯುವ ಸಂಪರ್ಕಸೇತುವಾಗಬಲ್ಲುದು. ನೂರಾರು ಕಿಲೋಮೀಟರ್ ದೂರದ, ಪ್ರವಾಹದ ಹೊರಗಿರುವ ಟ್ರಾನ್ಸ್‌ಮಿಟರ್ ಕೂಡ ಮಧ್ಯಮ ತರಂಗದ ಮೂಲಕ ಅಲ್ಲಿಗೆ ತಲುಪಬಹುದು. ಡಿ.ಆರ್.ಎಂ. ಪದ್ಧತಿಯಲ್ಲಿ ತುರ್ತು ಎಚ್ಚರಿಕೆಯ ಸೌಲಭ್ಯವಿದೆ. ಎಚ್ಚರಿಕೆಯ ಸಂಕೇತ ಬಂದೊಡನೆ ಸೆಟ್ ತಾನಾಗಿಯೇ ತುರ್ತು ಪ್ರಸಾರಕ್ಕೆ ಬದಲಾಗಿ, ಧ್ವನಿಯೊಡನೆ ಹಲವು ಭಾಷೆಗಳ ಲಿಖಿತ ಸೂಚನೆಯನ್ನೂ ತೋರಿಸಬಲ್ಲುದು. ನೆರೆರಾಜ್ಯದ ಹೆದ್ದಾರಿಯಲ್ಲಿ ಸಾಗುತ್ತಿರುವ, ಅಲ್ಲಿನ ಭಾಷೆಯನ್ನು ಅರಿಯದ ಚಾಲಕನಿಗೆ ಇದು ಪ್ರಾಣರಕ್ಷಕವಾಗಬಲ್ಲುದು. ಆದರೆ ಪ್ರಸಾರದಲ್ಲಿಯೂ ಕಾರಿನ ಸೆಟ್ಟಿನಲ್ಲಿಯೂ ಈ ಸೌಲಭ್ಯವು ಚಾಲನೆಯಲ್ಲಿದ್ದರೆ ಮಾತ್ರ ಇದು ಸಾಧ್ಯ.

ವಿದ್ಯುತ್ ವಾಹನಗಳ ತೊಡಕು

ಹೊಗೆಯಿಲ್ಲದ ವಿದ್ಯುತ್ ವಾಹನಗಳು ಬಾನುಲಿಗೆ ಹೊಸದೊಂದು ಸಮಸ್ಯೆಯನ್ನು ತಂದಿವೆ. ಬ್ಯಾಟರಿಯ ವಿದ್ಯುತ್ತನ್ನು ಮೋಟಾರಿಗೆ ತಕ್ಕಂತೆ ಮಾರ್ಪಡಿಸುವ ಸಾಧನವು ಅತಿ ವೇಗವಾಗಿ ವಿದ್ಯುತ್ತನ್ನು ಹರಿಸುತ್ತ ತಡೆಯುತ್ತ ಇರುತ್ತದೆ. ಅದರಿಂದ ಹೊಮ್ಮುವ ಅಲೆಗಳು ಮಧ್ಯಮ ತರಂಗದ ಪಟ್ಟಿಯನ್ನು ಕದಡುತ್ತವೆ. ಈ ಕಾರಣದಿಂದ ಕೆಲವು ವಿದೇಶೀ ತಯಾರಕರು ವಿದ್ಯುತ್ ಕಾರುಗಳಲ್ಲಿ ಮಧ್ಯಮ ತರಂಗದ ಸೌಲಭ್ಯವನ್ನೇ ಕೈಬಿಟ್ಟರು. ಅಮೆರಿಕದಲ್ಲಿ ತುರ್ತು ಎಚ್ಚರಿಕೆಯ ದೃಷ್ಟಿಯಿಂದ ಇದಕ್ಕೆ ವಿರೋಧ ವ್ಯಕ್ತವಾಗಿ, 2023ರಲ್ಲಿ ಫೋರ್ಡ್ ಕಂಪನಿಯು ಅಂತಹ ತನ್ನ ತೀರ್ಮಾನವನ್ನು ಹಿಂತೆಗೆದುಕೊಂಡಿತು. ಲೋಹದ ಕವಚ, ಶೋಧಕಗಳು, ಆಂಟೆನಾದ ಸೂಕ್ತ ಸ್ಥಾನ ಇವುಗಳಿಂದ ತೊಂದರೆಯನ್ನು ತಗ್ಗಿಸಬಹುದು. ಡಿಜಿಟಲ್ ಸಂಕೇತವೂ ಮಿತಿಮೀರಿದ ಗೊಂದಲವನ್ನು ತಡೆದುಕೊಳ್ಳಲಾರದು ಎಂಬುದನ್ನು ನೆನಪಿಡಬೇಕು.

ಇತರ ದೇಶಗಳ ಅನುಭವ

ನಾರ್ವೆ ದೇಶವು 2017ರಲ್ಲಿ ಪ್ರದೇಶವಾರು ಹಂತಗಳಲ್ಲಿ ರಾಷ್ಟ್ರೀಯ ವಾಹಿನಿಗಳ ಎಫ್.ಎಂ. ಪ್ರಸಾರವನ್ನು ನಿಲ್ಲಿಸಿ ಡಿ.ಎ.ಬಿ. ಪದ್ಧತಿಗೆ ಬದಲಾಯಿತು. ಹಳೆಯ ಕಾರುಗಳ ಮಾಲೀಕರು ಪ್ರತ್ಯೇಕ ಅಡಾಪ್ಟರುಗಳನ್ನು ಕೊಳ್ಳಬೇಕಾಯಿತು. ಯೂರೋಪಿಯನ್ ಒಕ್ಕೂಟವು 2020ರ ಡಿಸೆಂಬರ್ 21ರಿಂದ ಮಾರಾಟಕ್ಕೆ ಬರುವ ಹೊಸ ಕಾರುಗಳ ರೇಡಿಯೋದಲ್ಲಿ ಭೂತಲ ಡಿಜಿಟಲ್ ಪ್ರಸಾರವನ್ನು ಗ್ರಹಿಸುವ ಸಾಮರ್ಥ್ಯ ಇರಲೇಬೇಕೆಂದು ವಿಧಿಸಿತು. ಪ್ರಸಾರ ಮತ್ತು ಸೆಟ್ಟುಗಳು ಒಂದಕ್ಕೊಂದು ಹೆಗಲು ಕೊಟ್ಟು ಸಾಗಬೇಕು ಎಂಬುದೇ ಈ ಅನುಭವಗಳ ಸಾರ.

ಕೊಳ್ಳುವವರು ಗಮನಿಸಬೇಕಾದ ಅಂಶಗಳು

ಹೊಸ ಕಾರನ್ನು ಕೊಳ್ಳುವವರು ರೇಡಿಯೋದ ಬಗ್ಗೆಯೂ ವಿಚಾರಿಸುವುದು ಒಳ್ಳೆಯದು. ಒಂದೇ ಕಾರಿನ ಎಲ್ಲ ದರ್ಜೆಗಳಲ್ಲಿಯೂ ಡಿಜಿಟಲ್ ಸೌಲಭ್ಯವಿರುತ್ತದೆ ಎಂದು ಭಾವಿಸಬಾರದು. ಆರಿಸಿಕೊಂಡ ದರ್ಜೆಯಲ್ಲಿ ಇದೆಯೇ ಎಂಬುದನ್ನು ಲಿಖಿತ ವಿವರಣೆಯಲ್ಲಿ ನೋಡಿಕೊಳ್ಳಬೇಕು. ಸೌಲಭ್ಯವು ಮಧ್ಯಮ ತರಂಗಕ್ಕೆ ಮಾತ್ರವೇ ಅಥವಾ ಎಫ್.ಎಂ. ಪಟ್ಟಿಗೂ ಇದೆಯೇ, ಮುಂದೆ ಪದ್ಧತಿಯು ಬದಲಾದರೆ ತಂತ್ರಾಂಶವನ್ನು ನವೀಕರಿಸಲು ಸಾಧ್ಯವೇ ಎಂದು ಕೇಳಬೇಕು. ಎಂಜಿನ್ ಅಥವಾ ಮೋಟಾರು ಚಾಲನೆಯಲ್ಲಿರುವಾಗ ಮತ್ತು ನಿಂತಿರುವಾಗ ಎರಡೂ ಬಾರಿ ಕೇಳಿ ಹೋಲಿಸಿದರೆ ವಾಹನದಿಂದಲೇ ಹುಟ್ಟುವ ಅಡಚಣೆ ಎಷ್ಟೆಂದು ತಿಳಿಯುತ್ತದೆ. ಈಗಾಗಲೇ ಕಾರು ಇರುವವರು ರೇಡಿಯೋದ ಆಯ್ಕೆಗಳ ಪಟ್ಟಿಯನ್ನೊಮ್ಮೆ ಪರಿಶೀಲಿಸಬೇಕು; ಡಿ.ಆರ್.ಎಂ. ಇದ್ದೂ ಅದನ್ನು ಅರಿಯದೆ ಇರುವ ಸಾಧ್ಯತೆಯುಂಟು. ಪರದೆಯ ಮೇಲೆ ಮೂಡುವ ಬರಹವು ಪಕ್ಕದಲ್ಲಿ ಕುಳಿತವರಿಗೆ ಮಾತ್ರ. ವಾಹನ ನಡೆಸುವವರ ದೃಷ್ಟಿ ರಸ್ತೆಯ ಮೇಲೆಯೇ ಇರಬೇಕು.

ಕಾರನ್ನು ಕೊಳ್ಳುವಾಗ ಬಣ್ಣ, ಬೆಲೆ, ಇಂಧನದ ಮಿತವ್ಯಯಗಳನ್ನು ವಿಚಾರಿಸುವಂತೆಯೇ ಬಾನುಲಿಯ ಸಾಮರ್ಥ್ಯವನ್ನೂ ವಿಚಾರಿಸುವ ಕೊಳ್ಳುಗರು ಹೆಚ್ಚಿದಾಗ ತಯಾರಕರು ಅದರತ್ತ ಗಮನ ಹರಿಸುತ್ತಾರೆ, ಪ್ರಸಾರಕರು ಕೇಳುಗರಿದ್ದಾರೆಂಬ ಭರವಸೆಯಿಂದ ಕಾರ್ಯಕ್ರಮಗಳನ್ನು ರೂಪಿಸುತ್ತಾರೆ. ಬೃಹತ್ ವೆಚ್ಚದಿಂದ ಸ್ಥಾಪಿಸಿದ ಟ್ರಾನ್ಸ್‌ಮಿಟರುಗಳು ಸಾರ್ಥಕವಾಗುವುದು ಕೇಳುವ ಕಿವಿಗಳು ಇದ್ದಾಗ ಮಾತ್ರ.