ಗೆದ್ದ ಕುದುರೆಯ ಮರಿ ಗೆಲ್ಲಲೇಬೇಕೆ?

ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿ ರಾಜವಂಶದವನಲ್ಲ. ದಂಡಿನಲ್ಲಿ ಸೇವೆಗಿಳಿದು, ಸ್ವಂತ ಸಾಮರ್ಥ್ಯದಿಂದ ಮೈಸೂರಿನ ಆಡಳಿತವನ್ನೇ ಕೈಗೆ ತೆಗೆದುಕೊಂಡವನು. ಅವನ ಮಗ ಟಿಪ್ಪುವಿನ ಕಾಲದಲ್ಲಿ ಸೇನೆಯ ಕುದುರೆಗಳಿಗಾಗಿ ಕುಣಿಗಲ್‌ನಲ್ಲಿ ನೆಲೆಗೊಂಡ ಫಾರಂ ಮುಂದೆ ರೇಸ್ ಕುದುರೆಗಳ ತವರಾಯಿತು. ವಂಶದ ಬಲವಿಲ್ಲದೆ ಮೇಲೆ ಬಂದವನ ಮನೆತನ ಕಟ್ಟಿದ ಫಾರಂನಲ್ಲಿ ಈಗ ವಂಶಾವಳಿಯದೇ ದರ್ಬಾರು! ಥರೋಬ್ರೆಡ್ ಎಂಬ ರೇಸ್ ತಳಿಯ ಕುದುರೆ ಎನಿಸಿಕೊಳ್ಳಲು ತಾಯಿ ತಂದೆ ಇಬ್ಬರೂ ಅದೇ ತಳಿಯ ದಾಖಲೆ ಪುಸ್ತಕದಲ್ಲಿರಬೇಕು. ಈ ಪುಸ್ತಕದ ಪರಂಪರೆ ಇಂಗ್ಲೆಂಡಿನಲ್ಲಿ 1791ರಲ್ಲಿ ಶುರುವಾಯಿತು. ಗಂಡು ಕುದುರೆಗಳ ಬೇರು ಹುಡುಕುತ್ತ ಹೋದರೆ ಮೂರೇ ಮೂರು ಮೂಲಪುರುಷರಲ್ಲಿ ನಿಲ್ಲುತ್ತದೆ: ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್. ಇಷ್ಟು ಬಿಗಿಯಾಗಿ ಕಾಪಾಡಿದ ರಕ್ತದಲ್ಲಿ ಗೆಲುವೂ ಹರಿದು ಬರಬೇಕು ಎಂಬುದು ರೇಸ್ ಲೋಕದ ನಂಬಿಕೆ. ಈ ನಂಬಿಕೆಯಲ್ಲಿ ಸತ್ಯಕ್ಕಿಂತ ಆಸೆಯ ಪಾಲೇ ದೊಡ್ಡದು ಎಂಬುದು ನನ್ನ ವಾದ.

ಇದನ್ನು ಒರೆಗೆ ಹಚ್ಚಲು ಅಮೆರಿಕದ ಸೆಕ್ರೆಟೇರಿಯಟ್‌ಗಿಂತ ಒಳ್ಳೆಯ ಉದಾಹರಣೆ ಸಿಗದು. 1970ರಲ್ಲಿ ಹುಟ್ಟಿದ ಈ ಕೆಂಗಂದು ಕುದುರೆ 21 ಬಾರಿ ಓಡಿ 16 ಬಾರಿ ಗೆದ್ದಿತು. 1973ರಲ್ಲಿ ಕೆಂಟಕಿ ಡರ್ಬಿ, ಪ್ರೀಕ್ನೆಸ್, ಬೆಲ್ಮಾಂಟ್ ಮೂರನ್ನೂ ಗೆದ್ದು ‘ಟ್ರಿಪಲ್ ಕ್ರೌನ್’ ಪಡೆಯಿತು. ಬೆಲ್ಮಾಂಟ್‌ನ ಒಂದೂವರೆ ಮೈಲಿಯನ್ನು 2 ನಿಮಿಷ 24 ಸೆಕೆಂಡಿನಲ್ಲಿ ಮುಗಿಸಿದಾಗ ಎರಡನೆಯ ಕುದುರೆ 31 ಲೆಂಗ್ತ್ ಹಿಂದಿತ್ತು. ಒಂದು ಲೆಂಗ್ತ್ ಎಂದರೆ ಒಂದು ಕುದುರೆಯ ಮೈಯುದ್ದ. ಸೋಜಿಗದ ಮಾತೆಂದರೆ ಈ ಮೂರು ಓಟಗಳಿಗೂ ಮೊದಲೇ ಅದರ ತಳಿ ಹಕ್ಕನ್ನು 32 ಪಾಲು ಮಾಡಿ 60 ಲಕ್ಷ ಡಾಲರಿಗೂ ಮೇಲ್ಪಟ್ಟು ಮಾರಲಾಗಿತ್ತು. ಕೊಂಡವರ ಮುಂದಿದ್ದದ್ದು ಅದರ ತಂದೆ ಬೋಲ್ಡ್ ರೂಲರ್‌ನ ಹೆಸರು, ಎರಡು ವರ್ಷದ ಮರಿಯಾಗಿದ್ದಾಗಿನ ಓಟಗಳು, ಅಷ್ಟೇ.

ಆ ಹಣಕ್ಕೆ ಸಿಕ್ಕಿದ್ದೇನು? ಮಗಳು ಲೇಡೀಸ್ ಸೀಕ್ರೆಟ್ 1986ರಲ್ಲಿ ಅಮೆರಿಕದ ವರ್ಷದ ಕುದುರೆಯಾದಳು, ಮಗ ರಿಸನ್ ಸ್ಟಾರ್ 1988ರಲ್ಲಿ ಪ್ರೀಕ್ನೆಸ್, ಬೆಲ್ಮಾಂಟ್ ಎರಡನ್ನೂ ಗೆದ್ದ. ಕಡಿಮೆಯೇನಲ್ಲ. ಆದರೆ ಅಪ್ಪನಷ್ಟು ಓಡಿದ ಮರಿ ಒಂದೂ ಇಲ್ಲ, ನೂರಾರು ಮರಿಗಳಲ್ಲಿ ಬಹುಪಾಲು ಸಾಧಾರಣ. ತಳಿವಿಜ್ಞಾನಕ್ಕೆ ಇದರಲ್ಲಿ ಅಚ್ಚರಿಯಿಲ್ಲ. ಎಡಿನ್‌ಬರೋ ವಿಶ್ವವಿದ್ಯಾಲಯದ ಅಲಾಸ್ಟರ್ ವಿಲ್ಸನ್ ಮತ್ತು ಆಂಡ್ರ್ಯೂ ರ‍್ಯಾಂಬೋ 2008ರಲ್ಲಿ ಲೆಕ್ಕ ಹಾಕಿದಂತೆ, ಕುದುರೆಗಳ ಜೀವಮಾನದ ಗಳಿಕೆಯಲ್ಲಿ ಕಾಣುವ ಏರುಪೇರಿಗೆ ವಂಶವಾಹಿಗಳು ಕಾರಣವಾಗುವುದು ಶೇ 10ರಷ್ಟು ಮಾತ್ರ. ಉಳಿದದ್ದು ಮೇವು, ಲಾಯ, ತರಬೇತಿ, ಜಾಕಿ, ಗಾಯ, ಅದೃಷ್ಟ. ತಂದೆ ಮರಿಗೆ ಕೊಡುವುದು ಅರ್ಧ ವಂಶವಾಹಿ. ಹಾಗಾಗಿ ತಂದೆ ಸರಾಸರಿಗಿಂತ ಹತ್ತು ಅಂಕ ಮೇಲಿದ್ದು ತಾಯಿ ಸಾಧಾರಣವಾಗಿದ್ದರೆ, ಮರಿಯಿಂದ ನಿರೀಕ್ಷಿಸಬಹುದಾದದ್ದು ಅರ್ಧ ಅಂಕದ ಏರಿಕೆ. ಗಳಿಕೆಯ ಬದಲು ಕುದುರೆಯ ಸಾಮರ್ಥ್ಯಕ್ಕೆ ಕೊಡುವ ಅಂಕವನ್ನು ಅಳೆದವರು ವಂಶದ ಪಾಲು ಮೂರನೇ ಒಂದರಷ್ಟಿದೆ ಎಂದಿದ್ದಾರೆ. ಅದನ್ನೇ ಒಪ್ಪಿದರೂ ಹತ್ತು ಅಂಕದಲ್ಲಿ ಮರಿಗೆ ದಕ್ಕುವುದು ಎರಡೂ ತುಂಬದು.

ಇದನ್ನು ಕೋಲಾರದ ಹಾಲಿನವರಿಗೆ ವಿವರಿಸಬೇಕಾಗಿಲ್ಲ. ಬೀಜದ ಹೋರಿ ಹಾಲು ಕರೆಯುವುದಿಲ್ಲ; ಆದ್ದರಿಂದ ಅದರ ಯೋಗ್ಯತೆಯನ್ನು ಅಳೆಯಲು ಹೆಣ್ಣುಮಕ್ಕಳು ಬೇರೆ ಬೇರೆ ಕೊಟ್ಟಿಗೆಗಳಲ್ಲಿ ಎಷ್ಟು ಲೀಟರ್ ಕೊಡುತ್ತವೆಂದು ನೋಡುವುದು ಬಹುಕಾಲದ ರೂಢಿ. ಹೋರಿಗೆ ಸ್ವಂತ ಸಾಧನೆಯಿಲ್ಲದ್ದೇ ಒಂದು ವರವಾಯಿತು. ಕುದುರೆ ಹಾಗಲ್ಲ, ತಾನೇ ಓಡಿ ಗೆದ್ದು ನಮ್ಮ ಕಣ್ಣು ಕೋರೈಸುತ್ತದೆ. ಮೇಲಾಗಿ ಥರೋಬ್ರೆಡ್‌ಗಳಲ್ಲಿ ಕೃತಕ ಗರ್ಭಧಾರಣೆಗೆ ಅವಕಾಶವೇ ಇಲ್ಲ. ಹೆಣ್ಣು ಕುದುರೆ ಹನ್ನೊಂದು ತಿಂಗಳು ಹೊತ್ತು ಹೆರುವುದು ಒಂದು ಮರಿ, ಅದು ರೇಸಿಗೆ ಇಳಿಯುವುದು ಎರಡು ವರ್ಷದ ಮೇಲೆ. ತಂದೆಯ ಬಗ್ಗೆ ಮಕ್ಕಳು ಸಾಕ್ಷಿ ಹೇಳುವ ಹೊತ್ತಿಗೆ ಗಂಡು ಕೂಡಿಸಲು ಕೊಡುವ ದುಬಾರಿ ಶುಲ್ಕ ಎಷ್ಟೋ ಸಲ ಕೈಬದಲಾಗಿರುತ್ತದೆ. ಹೆಸರಾಂತ ತಂದೆಯ ಮರಿಗೆ ಒಳ್ಳೆಯ ತಾಯಿ, ಒಳ್ಳೆಯ ಲಾಯ, ಒಳ್ಳೆಯ ತರಬೇತುದಾರ ಸಿಗುತ್ತಾರೆ; ಅದು ಗೆದ್ದರೆ ಕೀರ್ತಿಯೆಲ್ಲ ರಕ್ತಕ್ಕೆ.

ಹಾಗಾದರೆ ಸೆಕ್ರೆಟೇರಿಯಟ್‌ನ ಮೊಮ್ಮಕ್ಕಳ ಮಾತೇನು ಎಂದು ಕೇಳಬಹುದು. ಹೆಣ್ಣುಮಕ್ಕಳ ಹೊಟ್ಟೆಯಲ್ಲಿ ಹುಟ್ಟಿದ ಸ್ಟಾರ್ಮ್ ಕ್ಯಾಟ್, ಎ.ಪಿ. ಇಂಡಿ, ಗಾನ್ ವೆಸ್ಟ್ ಮೂವರೂ ಹೆಸರುವಾಸಿ ಬೀಜದ ಕುದುರೆಗಳಾದವು. ಇದಕ್ಕೊಂದು ಆಕರ್ಷಕ ವಿವರಣೆಯಿದೆ. 1989ರಲ್ಲಿ ಗೊರಸಿನ ಉರಿಯೂತದಿಂದ ನರಳುತ್ತಿದ್ದ ಸೆಕ್ರೆಟೇರಿಯಟ್‌ಗೆ ದಯಾಮರಣ ಕೊಟ್ಟಾಗ, ಮರಣೋತ್ತರ ಪರೀಕ್ಷೆ ಮಾಡಿದ ಪಶುವೈದ್ಯರು ಅದರ ಹೃದಯ ಸುಮಾರು ಹತ್ತು ಕಿಲೋ ಇರಬಹುದೆಂದು ಅಂದಾಜಿಸಿದರು. ಸಾಮಾನ್ಯ ಥರೋಬ್ರೆಡ್‌ನದಕ್ಕಿಂತ ಇಮ್ಮಡಿ. ಆ ದೊಡ್ಡ ಹೃದಯದ ಗುಣ ಎಕ್ಸ್ ವರ್ಣತಂತುವಿನಲ್ಲಿದೆ, ತಂದೆಯ ಎಕ್ಸ್ ಹೋಗುವುದು ಮಗಳಿಗೆ ಮಾತ್ರ, ಅದಕ್ಕೇ ಗಂಡುಮಕ್ಕಳು ಸೋತರು ಎಂಬ ವಾದ ಹುಟ್ಟಿತು. ಕೇಳಲು ಸೊಗಸು. ಆದರೆ ಹಾಗೊಂದು ವಂಶವಾಹಿಯನ್ನು ಯಾರೂ ತೋರಿಸಿಲ್ಲ, ಆ ಹೃದಯವನ್ನು ತಕ್ಕಡಿಗೂ ಹಾಕಿರಲಿಲ್ಲ. ಆ ಹೆಣ್ಣುಗಳಿಗೆ ಗಂಟುಹಾಕಿದ್ದು ಸ್ಟಾರ್ಮ್ ಬರ್ಡ್, ಸಿಯಾಟಲ್ ಸ್ಲ್ಯೂ, ಮಿಸ್ಟರ್ ಪ್ರಾಸ್ಪೆಕ್ಟರ್‌ನಂಥ ಆಯ್ದ ಗಂಡುಗಳನ್ನು ಎಂಬುದನ್ನು ಮರೆತರೆ ಮಾತ್ರ ವರ್ಣತಂತುವಿಗೆ ಅಷ್ಟೊಂದು ಕೆಲಸ ಹಚ್ಚಬೇಕಾಗುತ್ತದೆ.

ವಂಶವಾಹಿಗೆ ಬೆಲೆಯೇ ಇಲ್ಲವೆಂದು ಇದರರ್ಥವಲ್ಲ. ಸ್ನಾಯುವಿನ ಬೆಳವಣಿಗೆಗೆ ಕಡಿವಾಣ ಹಾಕುವ ಮಯೋಸ್ಟ್ಯಾಟಿನ್ ಎಂಬ ವಂಶವಾಹಿಯ ಎರಡು ರೂಪಗಳನ್ನು ಡಬ್ಲಿನ್‌ನ ಎಮೆಲಿನ್ ಹಿಲ್ ತಂಡ 2010ರಲ್ಲಿ ವರದಿ ಮಾಡಿತು. ಒಂದು ರೂಪ ಜೋಡಿಯಾಗಿ ಬಂದ ಕುದುರೆ ಸಣ್ಣ ದೂರದ ಬಿರುಸಿನ ಓಟಕ್ಕೆ, ಇನ್ನೊಂದು ಜೋಡಿಯದು ದೂರದ ಓಟಕ್ಕೆ ಹೊಂದುತ್ತದೆ. ಎಷ್ಟು ದೂರ ಓಡಿಸಬೇಕೆಂದು ಇದು ಹೇಳುತ್ತದೆ. ಗೆಲ್ಲುತ್ತದೋ ಇಲ್ಲವೋ ಎಂಬುದನ್ನಲ್ಲ. ಬ್ರಿಟನ್ನಿನ ಕುದುರೆಗಳು, ಅದರಲ್ಲೂ ಸಣ್ಣ ದೂರದವು, ಈಚೆಗೆ ವೇಗ ಹೆಚ್ಚಿಸಿಕೊಂಡಿವೆ ಎಂದು 2015ರ ಅಧ್ಯಯನವೊಂದು ತೋರಿಸಿತು. ಅಂದರೆ ಇಡೀ ತಳಿ ಮೆಲ್ಲನೆ ಮುಂದೆ ಸರಿಯಬಲ್ಲದು. ಒಂದು ಮರಿಗೆ ಕೋಟಿ ಸುರಿಯುವವರಿಗೆ ಆ ಮಂದಗತಿಯಿಂದ ಸಿಗುವ ಭರವಸೆ ಬಹಳ ತೆಳು. ಎ.ಪಿ. ಇಂಡಿಯನ್ನೇ ನೋಡಿ: ತಾಯಿಯ ಕಡೆಯಿಂದ ಸೆಕ್ರೆಟೇರಿಯಟ್‌ನ ಮೊಮ್ಮಗ, ತಂದೆಯಾದರೋ ಟ್ರಿಪಲ್ ಕ್ರೌನ್ ಗೆದ್ದ ಸಿಯಾಟಲ್ ಸ್ಲ್ಯೂ. 1992ರಲ್ಲಿ ಅದೇ ಬೆಲ್ಮಾಂಟ್ ಗೆದ್ದಾಗ ಅದು ತೆಗೆದುಕೊಂಡದ್ದು 2 ನಿಮಿಷ 26 ಸೆಕೆಂಡು. ಅಜ್ಜನೂ ಜೊತೆಗೆ ಓಡಿದ್ದರೆ ಮೊಮ್ಮಗ ಹತ್ತು ಲೆಂಗ್ತ್‌ನಷ್ಟು ಹಿಂದೆ ಉಳಿಯುತ್ತಿದ್ದ.