ಕಿಯೋಸ್ಕ್ ಪರದೆಗೆ ಎಂಜಲು ಬೆರಳು ಬೇಡ

ಗಾಜಿನ ಪರದೆಗೆ ಬೆರಳು ತಾಕಿಸಿದರೆ ಮಾಹಿತಿಯನ್ನೋ ಟಿಕೆಟ್ಟನ್ನೋ ಕೊಡುವ ಯಂತ್ರಗಳು ಈಗ ಬ್ಯಾಂಕು, ರೈಲು ನಿಲ್ದಾಣ, ವಿಮಾನ ನಿಲ್ದಾಣ, ದೊಡ್ಡ ಆಸ್ಪತ್ರೆಗಳಲ್ಲಿ ಕಾಣಸಿಗುತ್ತವೆ. ನಮ್ಮ ರೈತರಿಗೆ ‘ಕಿಯೋಸ್ಕ್’ ಎಂಬ ಪದ ಹೊಸದಲ್ಲ. 2000ದ ಸುಮಾರಿಗೆ ಬಂದ ‘ಭೂಮಿ’ ಯೋಜನೆಯಲ್ಲಿ ತಾಲ್ಲೂಕು ಕಚೇರಿಯ ಕಿಯೋಸ್ಕ್‌ಗಳಲ್ಲೇ ಪಹಣಿ ಸಿಗತೊಡಗಿತು.

ಈ ಪರದೆಗಳಲ್ಲಿ ಎರಡು ಮುಖ್ಯ ಬಗೆಗಳಿವೆ. ಒಂದರಲ್ಲಿ ತುಸು ಅಂತರವಿರುವ ಎರಡು ತೆಳು ಪದರಗಳು ಒತ್ತಿದಾಗ ಒಂದಕ್ಕೊಂದು ತಾಕುತ್ತವೆ. ಇದಕ್ಕೆ ಪೆನ್ನಿನ ತುದಿಯೂ ಸಾಕು. ಇನ್ನೊಂದು, ಮೊಬೈಲ್‌ನಲ್ಲಿರುವಂಥದು. ಗಾಜಿನಡಿ ಕಣ್ಣಿಗೆ ಕಾಣದ ವಿದ್ಯುತ್ ವಾಹಕ ಜಾಲವಿರುತ್ತದೆ. ನಮ್ಮ ದೇಹದಲ್ಲಿ ನೀರು, ಲವಣಗಳಿರುವುದರಿಂದ ಬೆರಳೂ ವಿದ್ಯುತ್ ವಾಹಕವೇ. ಅದು ತಾಕಿದೆಡೆ ಆಗುವ ಸಣ್ಣ ಬದಲಾವಣೆಯನ್ನು ಯಂತ್ರ ಗುರುತಿಸುತ್ತದೆ. ಇದರಿಂದ ಶಾಕ್ ಹೊಡೆಯುವ ಭಯವಿಲ್ಲ.

ಕಮಲಾಪುರದ ಕೆಂಪು ಬಾಳೆಯ ತೋಟದಲ್ಲಿ ದುಡಿದು ದಡ್ಡುಗಟ್ಟಿದ, ನಮ್ಮ ಬಿರುಬಿಸಿಲಿಗೆ ಒಣಗಿದ ಬೆರಳಿಗೆ ಇಂಥ ಪರದೆ ಒಮ್ಮೊಮ್ಮೆ ಓಗೊಡುವುದಿಲ್ಲ. ಆಗ ಹಲವರು ನೋಟು ಎಣಿಸುವಂತೆ ಬೆರಳನ್ನು ನಾಲಿಗೆಗೆ ತಾಕಿಸುತ್ತಾರೆ. ಅಪಾಯವಿರುವುದು ಇಲ್ಲಿಯೇ. ನೂರಾರು ಜನ ಮುಟ್ಟಿದ ಗಾಜಿನ ಕೊಳೆ ನೇರ ಬಾಯಿಗೆ, ನಿಮ್ಮ ಎಂಜಲು ಮುಂದಿನವರ ಬೆರಳಿಗೆ!

ಕೊರೊನಾದಿಂದ ದೇಶದ ಮೊದಲ ಸಾವು ದಾಖಲಾದದ್ದು 2020ರ ಮಾರ್ಚ್‌ನಲ್ಲಿ, ಕಲಬುರಗಿಯ ವೃದ್ಧರೊಬ್ಬರದು. ಆಗ ಬಾಗಿಲ ಚಿಲಕ ಮುಟ್ಟಲೂ ಹೆದರಿದ್ದೆವು. ಆ ರೋಗ ಮುಖ್ಯವಾಗಿ ಉಸಿರಾಡುವ ಗಾಳಿಯಿಂದ ಹರಡುತ್ತದೆಂದು ಬಳಿಕ ಸ್ಪಷ್ಟವಾಯಿತು. ಆದರೆ ವಾಂತಿಭೇದಿ, ನೆಗಡಿ, 2023ರ ಮಳೆಗಾಲದಲ್ಲಿ ರಾಜ್ಯದ ಹಲವೆಡೆ ಕಾಡಿದ ಕೆಂಗಣ್ಣು, ಇವು ಕೈಯಿಂದಲೂ ಹರಡುತ್ತವೆ. ಗಾಜು ಮುಟ್ಟಿದ ಮಾತ್ರಕ್ಕೆ ರೋಗ ಬಾರದು. ಆ ಕೈ ಬಾಯಿ, ಮೂಗು, ಕಣ್ಣಿಗೆ ಹೋದಾಗ ಬರಬಹುದು.

ಆದ್ದರಿಂದ ಇಷ್ಟು ಮಾಡಿ:

* ಪರದೆ ಸ್ಪಂದಿಸದಿದ್ದರೆ ಬೆರಳನ್ನು ಒದ್ದೆ ಬಟ್ಟೆಗೆ ಒತ್ತಿ, ಒರೆಸಿಕೊಂಡು ಮುಟ್ಟಿ. ಇಲ್ಲವೇ ಬೇರೆ ಬೆರಳು ಬಳಸಿ.
* ಮನೆಗೆ ಬಂದೊಡನೆ, ಊಟಕ್ಕೆ ಮುಂಚೆ 20 ಸೆಕೆಂಡು ಸಾಬೂನಿನಿಂದ ಕೈ ತೊಳೆಯಿರಿ.
* ಮಗುವಿಗೆ ತಿನಿಸು ಕೊಡುವ ಮುನ್ನ ಅದರ ಕೈಯನ್ನೂ ತೊಳೆಸಿ.
* ಒಡೆದ ಬೆರಳಿಗೆ ರಾತ್ರಿ ಕೊಬ್ಬರಿ ಎಣ್ಣೆ ಸವರಿ.

ಕೊನೆಯದಾಗಿ, ಬೆರಳು ತಾಕಿದ್ದು ಯಂತ್ರಕ್ಕೆ ತಿಳಿಯದಿದ್ದರೆ ಚಿಂತೆಯಿಲ್ಲ. ನಿಮಗೇ ತಿಳಿಯದಷ್ಟು ಬೆರಳು ಜೋಮುಗಟ್ಟಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆ, ಕುಷ್ಠ ಎರಡರಲ್ಲೂ ಹೀಗಾಗಬಹುದು. ಬೇಗ ಗೊತ್ತಾದಷ್ಟೂ ಒಳ್ಳೆಯದು.