ನೀರಿಲ್ಲದ ಕಡೆ ರಾಫ್ಟಿಂಗ್!

ಒಂದು ಹನಿ ನೀರಿಲ್ಲದೆ ರಾಫ್ಟಿಂಗ್ ಮಾಡೋಕಾಗುತ್ತಾ?

1997ರಲ್ಲೇ ಮಾಡಿಸಿದ್ರು.
ಜಪಾನಿನ ನಾಮ್ಕೊ ಕಂಪನಿಯವರು.
ಆರ್ಕೇಡ್ ಆಟದ ಹೆಸರು, ರ‍್ಯಾಪಿಡ್ ರಿವರ್.

ಇಲ್ಲಿ ಜಾಯ್‌ಸ್ಟಿಕ್ ಇಲ್ಲ.
ಕೈಗೆ ಸಿಗೋದು ಹುಟ್ಟು.
ಹೌದು, ದೋಣಿಯ ಹುಟ್ಟೇ!

ನೀವು ಹುಟ್ಟು ಹಾಕ್ತೀರಿ,
ಯಂತ್ರ ಅದರ ಚಲನೆಯನ್ನ ಅಳೆಯುತ್ತೆ,
ಪರದೆಯ ಮೇಲೆ ದೋಣಿ ನುಗ್ಗುತ್ತೆ.

ಮುಂದೆ ಬಂಡೆ. ಸುಳಿ. ದಿಢೀರ್ ಇಳಿಜಾರು.
ಕೂತಲ್ಲೇ ಕೂತಿದ್ರೂ
ಹೊಟ್ಟೆಯಲ್ಲಿ ಜುಮ್ ಅನ್ನುತ್ತೆ. ಯಾಕೆ?

ಸ್ಟೇಷನ್‌ನಲ್ಲಿ ಪಕ್ಕದ ರೈಲು ಹೊರಟಾಗ
ನಮ್ಮ ರೈಲೇ ಹೊರಟ ಹಾಗೆ ಅನ್ಸುತ್ತಲ್ಲ?
ಅದೇ ಮೋಸ ಇದು.
ಕಣ್ಣು ಹೇಳಿದ್ದನ್ನ ಮೈ ನಂಬಿಬಿಡುತ್ತೆ.
ಜೊತೆಗೆ ತೋಳೂ ದಣಿದ್ರೆ?
ಕೇಳೋದೇ ಬೇಡ!

2010ರಲ್ಲಿ ಮೈಕ್ರೋಸಾಫ್ಟ್ ಹುಟ್ಟನ್ನೂ ಕಿತ್ತುಕೊಂಡಿತು.
ಆಟ, ಕಿನೆಕ್ಟ್ ಅಡ್ವೆಂಚರ್ಸ್.
ಟಿವಿ ಮುಂದೆ ನಿಂತ್ಕೊಳ್ಳಿ.
ಪಕ್ಕಕ್ಕೆ ಸರಿದ್ರೆ ದೋಣಿ ತಿರುಗುತ್ತೆ.
ನೀವು ಹಾರಿದ್ರೆ ದೋಣಿಯೂ ಹಾರುತ್ತೆ.
ಎಲ್ಲವನ್ನೂ ಕ್ಯಾಮೆರಾ ನೋಡ್ಕೊಳ್ಳುತ್ತೆ.
(ಕೆಳಗಿನ ಮನೆಯವರ ಪಾಡು ದೇವರಿಗೇ ಪ್ರೀತಿ.)

ನನ್ನ ಓಟು ಮಾತ್ರ ಹುಟ್ಟಿಗೇ.
ಖಾಲಿ ಗಾಳಿಯಲ್ಲಿ ಕೈ ಬೀಸಿದ್ರೆ
ನದಿಯ ಭಾರ ಗೊತ್ತಾಗಲ್ಲ.

ನಿಮ್ಮ ಓಟು ಯಾವುದಕ್ಕೆ?
ಕಾಮೆಂಟ್‌ನಲ್ಲಿ ಹೇಳಿ.